ಕಜೆಟನ್ ಪೊರ್ಬು ಏರಿಸಿದ ಕರಿಬುಟ್ಟಿ

ಕುಲಶೇಖರದ ಕಜೆಟನ್ ಪೊರ್ಬು ಸೀನಿದರೆ ಸಾಕು, ಬಂದರಿನಲ್ಲಿ ಹಾಯಿ ಬಿಚ್ಚಿದವರು ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಅವನು ಆಕಳಿಸಿದ ದಿನ ಹೆಂಗಸರು ಅಂಗಳದ ಹಪ್ಪಳ ಒಳಗೆ ತರುತ್ತಿದ್ದರು. ಇಷ್ಟು ಹೇಳಿದ ಮೇಲೆ ಆಳು ಏಳಡಿ ಎತ್ತರದವನೆಂದು ಎಣಿಸಬಾರದು. ಗಾಳಿ ತುಸು ಜೋರಾದರೆ ಕಂಬ ತಬ್ಬಿಕೊಂಡು ನಿಲ್ಲಬೇಕಾದಷ್ಟು ಸಪೂರದ ಮನುಷ್ಯ. ಅವನ ಅಂಗಿಯನ್ನು ಒಣಗಲು ಹಾಕಿದರೆ ಅವನು ಒಳಗಿದ್ದಾನೋ ಇಲ್ಲವೋ ಎಂದು ಹೆಂಡತಿ ಅಪೊಲೋನಿಯಾ ಎರಡು ಸಲ ತಟ್ಟಿ ನೋಡುತ್ತಿದ್ದಳಂತೆ. ಆದರೂ ಮಂಗಳೂರಿನ ಗಾಳಿಯೆಲ್ಲ ಅವನ ಖಾಕಿ ಚಡ್ಡಿಯ ಕಿಸೆಯಲ್ಲಿದೆ ಎಂದು ಅರ್ಧ ಊರು ನಂಬಿತ್ತು. ಉಳಿದರ್ಧ ಊರು, ಕಿಸೆಯಲ್ಲಲ್ಲ, ಟೊಪ್ಪಿಯೊಳಗಿದೆ ಎನ್ನುತ್ತಿತ್ತು.

ಇದಕ್ಕೆ ಕಾರಣ ಅವನ ಕೆಲಸ. ಗುರುಪುರ ಹೊಳೆಯೂ ನೇತ್ರಾವತಿಯೂ ಕೈ ಹಿಡಿದುಕೊಂಡು ಕಡಲಿಗೆ ಬೀಳುವ ಅಳಿವೆಯ ಈಚೆ, ಹಾಯಿಹಡಗು ವರ್ತಕರ ಸಂಘದವರು ಒಂದು ಮರದ ಕಂಬ ನಿಲ್ಲಿಸಿದ್ದರು. ಅದರ ತುದಿಯಲ್ಲಿ ಕೂತ ಕಾಗೆ ಕೆಳಗಿಳಿಯುವಷ್ಟರಲ್ಲಿ ಮುದಿಯಾಗುತ್ತಿತ್ತು, ಅಷ್ಟು ಎತ್ತರ. ಕಡಲಲ್ಲಿ ಬಿರುಗಾಳಿ ಎದ್ದಿದೆಯೆಂದು ಹವಾಮಾನದವರ ತಂತಿ ಬಂದರೆ ಕಜೆಟನ್ ಹಗ್ಗ ಎಳೆದು ಕಂಬಕ್ಕೆ ಗುರುತು ಏರಿಸಬೇಕು. ಗುರುತುಗಳು ಎರಡು. ಒಂದು ಚೂಪಾದದ್ದು, ಇನ್ನೊಂದು ಡೋಲಿನಂತೆ ಉರುಟಾದದ್ದು. ಬೆತ್ತದ ಚೌಕಟ್ಟಿಗೆ ಕ್ಯಾನ್ವಾಸು ಹೊದಿಸಿ ಡಾಂಬರು ಬಳಿದ ಈ ಎರಡನ್ನೂ ಊರವರು ಕರಿಬುಟ್ಟಿ ಎನ್ನುತ್ತಿದ್ದರು. ಚೂಪಿನದು ಏರಿದರೆ ದೋಣಿ ಇಳಿಸಬೇಡಿ ಎಂದರ್ಥ. ಉರುಟಿನದು ಏರಿದರೆ ದೋಣಿ ದಡಕ್ಕೆ ಎಳೆಯಿರಿ ಎಂದರ್ಥ. ಎರಡೂ ಒಟ್ಟಿಗೆ ಏರಿದರೆ, ದೋಣಿಯ ಆಸೆ ಬಿಟ್ಟು ನಿಮ್ಮ ನಿಮ್ಮ ದೇವರ ಹೆಸರು ಹೇಳಿಕೊಂಡು ಓಡಿ ಎಂದರ್ಥ. ಎರಡೂ ಒಟ್ಟಿಗೆ ಏರಿದ್ದನ್ನು ಕಜೆಟನ್ ಕಂಡವನಲ್ಲ. ಅವನಿಗಿಂತ ಮುಂಚೆ ಅದೇ ಹಗ್ಗ ಎಳೆಯುತ್ತಿದ್ದ ಅವನ ಅಪ್ಪ ರಾಫೆಲನೂ ಕಂಡವನಲ್ಲ.

ಊರವರಿಗೆ ತಂತಿ ಕಾಣುವುದಿಲ್ಲ, ಬುಟ್ಟಿ ಕಾಣುತ್ತದೆ. ಬುಟ್ಟಿ ಏರಿತು, ಆಮೇಲೆ ಗಾಳಿ ಬಂತು. ಹಾಗಾದರೆ ಗಾಳಿ ತರಿಸಿದವನು ಯಾರು? ಮೀನು ಮಾರುವ ಜಯಕ್ಕ ಆಗಾಗ ಎಲೆಯಲ್ಲಿ ಬಂಗುಡೆ ಕಟ್ಟಿಕೊಂಡು ಕಂಬದ ಬುಡಕ್ಕೆ ಬರುತ್ತಿದ್ದಳು.

"ಪೊರ್ಬುಗಳೇ, ಈ ವಾರ ಒಂದು ಬುಟ್ಟಿ ಏರಿಸ್ಬೇಡಿ. ಅಣ್ಣನ ಮಗಳ ಮದುವೆ ಉಂಟು. ಬಲೆಗೆ ಹೋಗದಿದ್ರೆ ಎಂತ ಬಡಿಸುದು?"

"ನನ್ನ ಕೈಯಲ್ಲಿ ಎಂತ ಉಂಟು ಜಯಕ್ಕ? ತಂತಿ ಬಂತು, ಏರಿಸಿದೆ. ಅಷ್ಟೆ."

"ಹಾಗಾದ್ರೆ ಆ ತಂತಿಯವನಿಗೂ ನಾಲ್ಕು ಬಂಗುಡೆ ಕೊಡುವ. ಅವನ ಮನೆ ಎಲ್ಲಿ?"

ಬಂಗುಡೆಯನ್ನು ಮಾತ್ರ ಕಜೆಟನ್ ಯಾವತ್ತೂ ಹಿಂದಕ್ಕೆ ಕೊಟ್ಟವನಲ್ಲ.

ಐವತ್ತರ ದಶಕದಲ್ಲಿ ಒಂದು ಮೇ ತಿಂಗಳು ಉರುಟು ಬುಟ್ಟಿ ಏರಿತು. ಅದರ ಹಿಂದೆಯೇ ಬಂದ ಗಾಳಿಗೆ ಕುಲಶೇಖರದ ಮನೆಗಳ ಹೆಂಚೆಲ್ಲ ಹಕ್ಕಿಗಳ ಹಾಗೆ ಸಾಲುಗಟ್ಟಿ ಹಾರಿ ವಾಮಂಜೂರಿನಲ್ಲಿ ಇಳಿದವು. ವಾಮಂಜೂರಿನವರು ಅದರಲ್ಲೇ ನಾಲ್ಕು ದನದ ಹಟ್ಟಿ ಕಟ್ಟಿ, ಮಿಕ್ಕಿದ್ದನ್ನು ಮುಂದಿನ ಗಾಳಿಗೆಂದು ತೆಗೆದಿಟ್ಟರು. ಕಜೆಟನನ ಹುಂಜ ಒಂದು ತೆಂಗಿನ ಗರಿಯ ಮೇಲೆ ಕೂತು ಹೋದದ್ದು ಮೂರನೆಯ ದಿನ ಬಸ್ಸಿನಲ್ಲಿ ವಾಪಸು ಬಂತು. ಟಿಕೇಟು ಯಾರು ತೆಗೆದರೋ ಗೊತ್ತಿಲ್ಲ.

ಗಾಳಿ ನಿಂತದ್ದೇ ಅದು ಯಾಕೆ ಬಂತು ಎನ್ನುವ ಮಾತು ಎದ್ದಿತು. ಅದು ಗಾಳಿಗಿಂತ ಜೋರು. ಅಪೊಲೋನಿಯಾಳ ಅಣ್ಣ ಲಿಗೋರಿ ಮಾಸ್ಟ್ರು ಕೊಡಿಯಾಲ್‌ಬೈಲಿನ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುವವರು. ಅವರು ತಂಗಿಯ ಅಡಿಗೆಮನೆಗೆ ಬಂದು, ಕುದಿಯುವ ಗಂಜಿಯ ಪಾತ್ರೆ ತೋರಿಸಿ, "ನೋಡಿ, ಕಡಲು ಬಿಸಿ ಆಗ್ತದೆ, ಗಾಳಿ ಹಗುರ ಆಗಿ ಮೇಲೆ ಹೋಗ್ತದೆ, ಆ ಖಾಲಿ ಜಾಗಕ್ಕೆ ಸುತ್ತಲಿನ ಗಾಳಿ ನುಗ್ಗುತ್ತದೆ" ಎಂದು ವಿವರಿಸುವಷ್ಟರಲ್ಲಿ ಗಂಜಿ ತಳ ಹಿಡಿಯಿತು. ಇಗರ್ಜಿಯ ಪಾದ್ರಿಗಳು, ಮದುವೆಯ ಮನೆಗಳಲ್ಲಿ ಬ್ಯಾಂಡಿಗೆ ಕುಣಿಯುವುದು ಮಿತಿಮೀರಿದ್ದೇ ಕಾರಣ ಎಂದರು. ಬಂದರಿನ ಉಮರಬ್ಬ ಬ್ಯಾರಿಗಳು, ದೊಡ್ಡದೊಂದು ಮಂಜಿಯ, ಅಂದರೆ ಸರಕಿನ ಹಾಯಿಹಡಗಿನ, ಯಜಮಾನರು. ಅವರು, ಬಡವರಿಗೆ ಕೊಡಬೇಕಾದ್ದನ್ನು ಕೊಡದ ವ್ಯಾಪಾರಿಗಳು ಹೆಚ್ಚಾದ ಮೇಲೆ ಅಲ್ಲಾಹನು ಇನ್ನೇನು ಮಾಡಬೇಕು ಎಂದರು. ಜಯಕ್ಕ ಮಾತ್ರ, ಆ ವಾರ ಪೊರ್ಬುಗಳಿಗೆ ಬಂಗುಡೆ ಕೊಡಲು ಮರೆತದ್ದು ತನ್ನದೇ ತಪ್ಪೆಂದು ಕೆನ್ನೆಗೆ ಹೊಡೆದುಕೊಂಡಳು.

"ನೀವೆಂತ ಹೇಳ್ತೀರಿ?" ಎಂದು ಯಾರು ಕೇಳಿದರೂ ಕಜೆಟನನ ಉತ್ತರ ಒಂದೇ. "ತಂತಿ ಬಂತು, ಏರಿಸಿದೆ."

ಅವನಿಗೆ ತನ್ನದೆಂಬ ಒಂದು ಅಭಿಪ್ರಾಯವೇ ಇರಲಿಲ್ಲ. ಇದ್ದದ್ದು ಹಗ್ಗ ಎಳೆಯುವ ವಿದ್ಯೆ. ಅದೊಂದನ್ನು ಬಿಟ್ಟರೆ ಅವನಿಗೆ ಬೇರೆ ಯಾವ ಕೆಲಸವೂ ಬರುತ್ತಿರಲಿಲ್ಲ. ಒಮ್ಮೆ ಅಪೊಲೋನಿಯಾ ಬಾವಿಯಿಂದ ನೀರು ಸೇದಲು ಹೇಳಿದ್ದಕ್ಕೆ ಕೊಡಪಾನವನ್ನು ರಾಟೆಯ ತನಕ ಏರಿಸಿ, ಹಗ್ಗವನ್ನು ಕಂಬಕ್ಕೆ ಕಟ್ಟಿ, ಕೆಳಗೆ ನಿಂತು ಸಲಾಮು ಹೊಡೆದಿದ್ದ.

ಹೀಗಿರುತ್ತ ಸಾವಿರದ ಒಂಬೈನೂರ ಅರುವತ್ತೆರಡು ಬಂತು. ಫೆಬ್ರವರಿ ಮೊದಲ ವಾರ ಎಂಟು ಗ್ರಹಗಳು ಒಂದೇ ಮನೆಯಲ್ಲಿ ಕೂಡುತ್ತವೆ, ಲೋಕ ಮುಳುಗುತ್ತದೆ ಎಂದು ದೇಶವೆಲ್ಲ ಮಾತು. ಮಂಗಳೂರು ಕಡಲಿನ ಮಗ್ಗುಲಲ್ಲೇ ಇರುವುದರಿಂದ ಮುಳುಗುವ ಸಾಲಿನಲ್ಲಿ ಮೊದಲ ಹೆಸರು ತನ್ನದೇ ಎಂದು ಊರಿಗೆ ಒಂದು ಬಗೆಯ ಹೆಮ್ಮೆಯೂ ಇತ್ತು. ಬೀದಿ ಬೀದಿಯಲ್ಲಿ ಹೋಮ. ಹೊಗೆ ಎಷ್ಟೆಂದರೆ ಬಸ್ಸುಗಳು ಹಗಲಲ್ಲೇ ದೀಪ ಹಾಕಿಕೊಂಡು, ಗಂಟೆಯ ಸದ್ದಿನಿಂದ ಇದು ಯಾವ ದೇವಸ್ಥಾನವೆಂದು ತಿಳಿದುಕೊಂಡು ಸ್ಟಾಪು ಕೊಡುತ್ತಿದ್ದವು. ತುಪ್ಪ ಕಣ್ಣಿಗೆ ಹಚ್ಚಲೂ ಸಿಗುತ್ತಿರಲಿಲ್ಲ. ಮುಳುಗುವುದಾದರೆ ಹೊಟ್ಟೆ ತುಂಬಿಸಿಕೊಂಡೇ ಮುಳುಗೋಣ ಎಂದು ಜನ ಕೋಳಿ ಕಡಿದರು. ಕುಲಶೇಖರದಲ್ಲಿ ಬೆಳಿಗ್ಗೆ ಕೂಗಲು ಒಂದು ಹುಂಜವೂ ಉಳಿಯದೆ, ಇಗರ್ಜಿಯ ಗಂಟೆ ಬಾರಿಸುವವನೇ ತಡವಾಗಿ ಎದ್ದ.

ಲಿಗೋರಿ ಮಾಸ್ಟ್ರು ಶಾಲೆಯ ಜಗಲಿಯಲ್ಲಿ ಭಾಷಣ ಮಾಡಿದರು. ತೆಂಗಿನಕಾಯಿ, ಚಕ್ಕೋತ, ಲಿಂಬೆ, ನೆಲ್ಲಿಕಾಯಿ ಎಲ್ಲವನ್ನೂ ಮೇಜಿನ ಮೇಲೆ ಗ್ರಹಗಳಂತೆ ಜೋಡಿಸಿ, "ಇವುಗಳ ಎಳೆತ ಒಂದು ಎತ್ತಿನ ಗಾಡಿ ಮಗ್ಗುಲಲ್ಲಿ ಹೋದಷ್ಟೂ ಇಲ್ಲ, ಹೆದರ್ಬೇಡಿ" ಎಂದರು. ಯಾರೂ ಹೆದರಲಿಲ್ಲ. ಆದರೆ ಭಾಷಣ ಮುಗಿಯುವಷ್ಟರಲ್ಲಿ ಶನಿಯನ್ನು ಯಾರೋ ಉಪ್ಪು ಹಚ್ಚಿ ತಿಂದಿದ್ದರು. ಪಾದ್ರಿಗಳೂ, ನಕ್ಷತ್ರ ನೋಡಿ ನಡುಗುವುದು ಪಾಪ ಎಂದು ಪ್ರಸಂಗ ಮಾಡಿದರು. ಆದರೂ ಫೆಬ್ರವರಿ ಎರಡರ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವದಿಸಿದ ಮೇಣದ ಬತ್ತಿಗಳಿಗೆ ಎಂದೂ ಇಲ್ಲದ ನೂಕುನುಗ್ಗಲು. ಸಾಲಿನಲ್ಲಿ ಮುಂಡಾಸಿನವರೂ ಜುಟ್ಟಿನವರೂ ಇದ್ದರು.

ಕಜೆಟನನಿಗೆ ಇದ್ಯಾವುದೂ ತಲೆಗೆ ಹೋಗಲಿಲ್ಲ. ಅವನ ತಲೆಯಲ್ಲಿದ್ದದ್ದು ಡಾಂಬರು.

ಪ್ರತಿ ವರ್ಷ ಫೆಬ್ರವರಿಯಲ್ಲಿ ಕಡಲು ಮಲಗಿದ ಎಮ್ಮೆಯಂತೆ ಇರುವಾಗ, ಕರಿಬುಟ್ಟಿಗಳಿಗೆ ಹೊಸ ಡಾಂಬರು ಬಳಿದು ಒಣಗಿಸುವುದು ಅವನ ಕ್ರಮ. ಅವುಗಳನ್ನು ಬಸ್ಸಿನ ಮೇಲೆ ಹಾಕಿಕೊಂಡು ಮನೆಗೆ ತಂದು ಹಿತ್ತಲಿನ ಹಲಸಿನ ಕೊಂಬೆಗೆ ತೂಗಹಾಕುತ್ತಿದ್ದ. ಹಿಂದಿನ ವರ್ಷ ಮನೆ ಆಶೀರ್ವದಿಸಲು ಬಂದ ಪಾದ್ರಿಗಳು ಹಲಸಿನ ಅಡಿಯಲ್ಲಿ ನಿಂತು ನೀರು ಚಿಮುಕಿಸಿದರು. ಮೇಲಿನಿಂದ ಬುಟ್ಟಿಯೂ ಚಿಮುಕಿಸಿತು. ಆ ಬಿಳಿ ನಿಲುವಂಗಿ ಇನ್ನೂ ಬಿಳಿಯಾಗಿಲ್ಲ.

"ಈ ವರ್ಷ ಆ ಕರಿ ಪಿಶಾಚಿಗಳು ನನ್ನ ಹಿತ್ತಲಿಗೆ ಬಂದ್ರೆ ನಾನು ತಾಯಿಮನೆಗೆ ಹೋಗ್ತೇನೆ" ಎಂದಳು ಅಪೊಲೋನಿಯಾ. "ಕಂಬದ್ದು ಕಂಬದಲ್ಲೇ ಒಣಗಲಿ."

"ಹೌದಲ್ಲ" ಎಂದುಕೊಂಡ ಕಜೆಟನ್. ಇಷ್ಟು ಸುಲಭದ ಉಪಾಯ ಅಪ್ಪನಿಗೂ ಹೊಳೆದಿರಲಿಲ್ಲವಲ್ಲ!

ಹಾಗಾಗಿ ಫೆಬ್ರವರಿ ಮೂರು, ಶನಿವಾರ, ಗ್ರಹಗಳು ಒಂದೊಂದಾಗಿ ಮನೆಯೊಳಗೆ ಕಾಲಿಡುವ ದಿನವೇ, ಕಜೆಟನ್ ಬುಟ್ಟಿಗಳಿಗೆ ಮಿರಮಿರ ಮಿಂಚುವ ಡಾಂಬರು ಬಳಿದು, ಗಾಳಿ ಚೆನ್ನಾಗಿ ಆಡಲಿ ಎಂದು ಎರಡನ್ನೂ ಒಟ್ಟಿಗೆ ಕಂಬದ ತುದಿಗೆ ಏರಿಸಿದ. ಹಗ್ಗ ಕಟ್ಟಿದ. ಬುತ್ತಿಯ ಗಂಜಿ, ಒಣಮೀನು ತಿಂದು, ನೆರಳಲ್ಲಿ ಟೊಪ್ಪಿ ಮುಖಕ್ಕೆ ಮುಚ್ಚಿಕೊಂಡು ಮಲಗಿದ.

ಮೊದಲು ಕಂಡವಳು ಜಯಕ್ಕ. ತಲೆಯ ಮೇಲೆ ಬೂತಾಯಿ ಮೀನು ತುಂಬಿದ ಬುಟ್ಟಿ ಇತ್ತು. ಕತ್ತು ಎತ್ತಿ ನೋಡಿದಳು. ಬೂತಾಯಿಯೆಲ್ಲ ನೆಲಕ್ಕೆ ಸುರಿಯಿತು. ಅವಳು ಕಿರಿಚಿದ ಕಿರಿಚಾಟಕ್ಕೆ ಕೊಚ್ಚಿಯ ಕಡೆಯಿಂದ ಬರುತ್ತಿದ್ದ ಎರಡು ಮಂಜಿಗಳು ದಾರಿ ತಿರುಗಿಸಿ ಮನೆಗೆ ಹೋದವು ಎನ್ನುತ್ತಾರೆ. ಮಂಗಳೂರಿನಲ್ಲಂತೂ ಅಂಗಡಿಗಳು ಪಟಪಟನೆ ಬಾಗಿಲು ಹಾಕಿಕೊಂಡವು. ನಮಾಜಿಗೆ ಕೂತವರು ಎದ್ದು ನೋಡಿ ಮತ್ತೆ ಕೂತರು. ಹೋಮದ ಭಟ್ಟರು ಒಂದು ಗಂಟೆಯ ಮಂತ್ರವನ್ನು ಐದು ನಿಮಿಷದಲ್ಲಿ ಮುಗಿಸಿ ಮತ್ತೆ ಮೊದಲಿನಿಂದ ಸುರು ಮಾಡಿದರು. ಇಗರ್ಜಿಯ ಗಂಟೆ ತಾನೇ ಬಾರಿಸಿಕೊಂಡಿತು.

ಕಜೆಟನ್ ಎದ್ದದ್ದು ಯಾರೋ ಕಾಲು ಹಿಡಿದು ಎಳೆದಾಗ. ಉಮರಬ್ಬ ಬ್ಯಾರಿಗಳು.

"ಪೊರ್ಬುಗಳೇ! ಎರಡೂ ಏರಿಸಿಟ್ಟು ಗೊರಕೆ ಹೊಡೀತೀರಲ್ಲ, ಮನುಷ್ಯರಾ ನೀವು? ನನ್ನ ಮಂಜಿಗೆ ಹೆಂಚು ತುಂಬಿಸಿ ಆಗಿತ್ತು. ಖಲಾಸಿಗಳು ಎಲ್ಲ ಹೊಳೆಗೆ ಹಾರಿ ಈಜಿಕೊಂಡು ಹೋದ್ರು!"

ಕಜೆಟನ್ ಕಣ್ಣುಜ್ಜಿ ಮೇಲೆ ನೋಡಿದ. ತನ್ನ ಬುಟ್ಟಿಗಳು ನೀಲಿ ಆಕಾಶದಲ್ಲಿ ಎರಡು ಕರಿ ಹಲ್ಲಿನಂತೆ ನಗುತ್ತಿದ್ದವು. ಕೆಳಗೆ ನೋಡಿದ. ಅರ್ಧ ಮಂಗಳೂರು ನಿಂತಿತ್ತು. ಅವಸರದಲ್ಲಿ ಟೊಪ್ಪಿ ತಲೆಗೆ ಹಾಕಿಕೊಂಡ.

"ಅದು... ಡಾಂಬರು ಒಣಗ್ಲಿಕ್ಕೆ..." ಎನ್ನುವಷ್ಟರಲ್ಲಿ ಜನರನ್ನು ಸೀಳಿಕೊಂಡು ಸಂಘದ ಕಾರ್ಯದರ್ಶಿ ಸರ್ವೋತ್ತಮ ರಾಯರು ಬಂದರು. ಬಿಳಿ ಕೋಟು, ಬೆವರಿದ ಬೋಳುತಲೆ.

"ತಂತಿ ಎಲ್ಲಿ ಕಜೆಟನ್?"

"ತಂತಿ ಬರ್ಲಿಲ್ಲ ಸಾರ್."

"ಬರ್ಲಿಲ್ಲ! ತಂತಿ ಇಲ್ಲದೆ ಏರಿಸಿದ್ರೆ ಎಂತ ಆಗ್ತದೆ ಗೊತ್ತುಂಟಲ್ಲ? ಆ ದಿನವೇ ಕೆಲಸ ಹೋಯ್ತು. ನಿನ್ನಪ್ಪನ ಕಾಲದಿಂದ ಇರುವ ಕಾನೂನು. ಇಳಿಸು ಮೊದ್ಲು!"

ಕಜೆಟನ್ ಹಗ್ಗಕ್ಕೆ ಕೈ ಹಾಕಿದ. ಜನ ಹೋ ಎಂದು ಮೇಲೆ ಬಿದ್ದರು. "ಇಳಿಸ್ಬಾರ್ದು! ಇಳಿಸಿದ್ರೆ ಗಾಳಿಗೆ ದಾರಿ ಬಿಟ್ಟ ಹಾಗೆ!" ಎಂದಳು ಜಯಕ್ಕ. "ಬಿರುಗಾಳಿ ಉಂಟು ಅಂತ ಗೊತ್ತಿದ್ದೂ ಮುಚ್ಚಿಡ್ಲಿಕ್ಕೆ ನೋಡ್ತೀರಾ ರಾಯರೇ?" ಎಂದರು ಉಮರಬ್ಬ. ರಾಯರು ಗಾಳಿಯೂ ಇಲ್ಲ, ಗೀಳಿಯೂ ಇಲ್ಲ ಎಂದು ಸಾಬೀತು ಮಾಡಲು ಕಚೇರಿಯ ಗೋಡೆಯಲ್ಲಿದ್ದ ವಾಯುಭಾರ ಅಳೆಯುವ ಗಡಿಯಾರ ತರಿಸಿದರು. ಅದರ ಮುಳ್ಳಿನ ಹಿಂದೆ ಹಲ್ಲಿಯೊಂದು ಮೊಟ್ಟೆಯಿಟ್ಟು ಬಹಳ ವರ್ಷವಾಗಿತ್ತು. ಅಂದಿನಿಂದ ಮುಳ್ಳು 'ಬಿರುಗಾಳಿ' ಎಂಬಲ್ಲಿ ಸಿಕ್ಕಿಕೊಂಡೇ ಇತ್ತು. ಆ ಮುಳ್ಳನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಈಗ ಎಲ್ಲರೂ ನೋಡಿದರು.

ರಾಯರ ಮುಖ ಬಿಳಿಚಿತು. ಅವರ ಮನೆಯಲ್ಲೂ ಬೆಳಿಗ್ಗೆಯಿಂದ ಹೋಮ ನಡೆಯುತ್ತಿತ್ತು. ಹೆಂಡತಿ ಮಕ್ಕಳನ್ನು ಎತ್ತರದಲ್ಲಿರಲಿ ಎಂದು ಕದ್ರಿ ಗುಡ್ಡದ ನೆಂಟರ ಮನೆಗೆ ಕಳಿಸಿಯೂ ಆಗಿತ್ತು. ಅದೇ ಹೊತ್ತಿಗೆ ಮೇಲಿನಿಂದ ಡಾಂಬರಿನ ಒಂದು ಹನಿ ಬಂದು ಅವರ ಹಣೆಯ ನಡುವೆ ಬಿತ್ತು, ಅಳೆದಿಟ್ಟ ಹಾಗೆ. "ಶನಿ ಮುಟ್ಟಿದ!" ಎಂದು ಯಾರೋ ಕೂಗಿದರು. ರಾಯರು ಕರವಸ್ತ್ರದಿಂದ ಒರಸಿಕೊಂಡರು. ಚುಕ್ಕಿ ಇದ್ದದ್ದು ಬೊಟ್ಟಾಯಿತು.

ಅಷ್ಟರಲ್ಲಿ ಲಿಗೋರಿ ಮಾಸ್ಟ್ರೂ ಕೊಡೆ ಬೀಸಿಕೊಂಡು ಬಂದು ಮುಟ್ಟಿದರು.

"ಗ್ರಹದಿಂದ ಎಂತದೂ ಆಗುದಿಲ್ಲ, ಅದು ಮೂಢನಂಬಿಕೆ" ಎಂದರು. ಎಲ್ಲರೂ ಉಸಿರು ಬಿಟ್ಟರು. "ಆದ್ರೆ ನಮ್ಮ ಭಾವ ಸುಮ್ಮನೆ ಬುಟ್ಟಿ ಏರಿಸುವವರಲ್ಲ. ಮುಳ್ಳೂ ಹಾಗೇ ಹೇಳ್ತಾ ಉಂಟು. ಲಕ್ಷದ್ವೀಪದ ಆಚೆ ವಾಯುಭಾರ ಕುಸಿದಿರ್ಬೇಕು." ಎಲ್ಲರೂ ಬಿಟ್ಟ ಉಸಿರನ್ನು ಮತ್ತೆ ಎಳೆದುಕೊಂಡರು.

ರಾಯರು ಕಜೆಟನನ ಕಿವಿಯ ಹತ್ತಿರ ಬಗ್ಗಿದರು. "ಗ್ರಹ ಬಿಡುವ ತನಕ ಬುಟ್ಟಿ ಅಲ್ಲೇ ಇರಲಿ. ಬಿರುಗಾಳಿ ಬಂತೋ, ನೀನು ಬದುಕಿದಿ. ಬರ್ಲಿಲ್ವೋ, ಮಂಗಳವಾರ ನಿನ್ನ ಟೊಪ್ಪಿ ಇಲ್ಲಿ ಬಿಟ್ಟು ಮನೆಗೆ ಹೋಗು. ಆ ಜಾಗಕ್ಕೆ ಕಾಯುವವರು ಬೇಕಷ್ಟು ಜನ ಉಂಟು."

ಕುಲಶೇಖರದ ಏರು ಹತ್ತುವಾಗ ಕಜೆಟನನಿಗೆ ಮೊದಲ ಬಾರಿ ತನ್ನ ಕೈ ಖಾಲಿ ಎನಿಸಿತು. ಐವತ್ತು ದಾಟಿದ ಪ್ರಾಯ. ಲೋಕದಲ್ಲಿ ಹಗ್ಗಗಳು ಬಹಳ, ಆದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಎಮ್ಮೆ ಕಟ್ಟಿರುತ್ತದೆ. ಎಮ್ಮೆಯ ಹತ್ತಿರ ಅವನಿಗೆ ಹೆದರಿಕೆ.

ಸಂಜೆ ದೇವರ ಕೋಣೆಯಲ್ಲಿ ಗಂಡ ಹೆಂಡತಿ ಮೊಣಕಾಲೂರಿದರು. ಅಪೊಲೋನಿಯಾ ಹೊಸ ಮೇಣದ ಬತ್ತಿ ಹಚ್ಚಿದಳು. ಗರಿಗಳ ಭಾನುವಾರ ಇಗರ್ಜಿಯಿಂದ ತಂದಿಟ್ಟ ತೆಂಗಿನ ಒಣಗರಿಯ ತುಂಡು ಮುರಿದು ಬೆಂಕಿಗೆ ಹಿಡಿದಳು. ಗುಡುಗು, ಸಿಡಿಲು, ಬಿರುಗಾಳಿ ದೂರ ಹೋಗಲು ಅವಳ ಅಜ್ಜಿಯ ಅಜ್ಜಿಯ ಕಾಲದಿಂದ ಬಂದ ಕ್ರಮ ಅದು. ಗರಿ ಹೊಗೆಯಾಡಿತು. ಕಜೆಟನ್ ಮೆಲ್ಲನೆ ಬಗ್ಗಿ ಉಫ್ ಎಂದು ಊದಿ ನಂದಿಸಿದ.

ಅವಳು ಮತ್ತೆ ಹಚ್ಚಿದಳು. ಅವನು ಕೆಮ್ಮಿದ. ನಂದಿತು.

"ಓಯ್! ನಿಮಗೆ ಎಂತ ಆಗಿದೆ? ಗಾಳಿ ಹೋಗ್ಲಿಕ್ಕೆ ನಾನು ಗರಿ ಸುಡ್ತೇನೆ, ನೀವು ಊದ್ತೀರಿ?"

ಕಜೆಟನ್ ದೇವಮಾತೆಯ ಪಟ ನೋಡಿದ, ಹೆಂಡತಿಯ ಮುಖ ನೋಡಿದ. ಪಟದ ಹತ್ತಿರ ಹೇಳುವುದೇ ಸುಲಭ ಎನಿಸಿ ಅದರ ಕಡೆ ತಿರುಗಿ ಗಟ್ಟಿಯಾಗಿಯೇ ಹೇಳಿದ. "ಅಮ್ಮಾ ತಾಯಿ, ಜೀವಮಾನ ಇಡೀ ಗಾಳಿ ಬೇಡ ಅಂತ ಬೇಡಿದ್ದೇನೆ. ಈಗ ಒಂದು ಬೇಕು. ಸಣ್ಣದು ಸಾಕು. ಯಾರೂ ಸಾಯ್ಬಾರ್ದು. ದೋಣಿ ಮುಳುಗ್ಬಾರ್ದು. ಒಂದು ನಾಲ್ಕು ಹೆಂಚು ಹಾರಿದ್ರೆ ಸಾಕು. ಬೇಕಾದ್ರೆ ನಮ್ಮ ಮನೆಯದ್ದೇ ಆಗಲಿ."

"ಜೆಜು!" ಅಪೊಲೋನಿಯಾ ಎದೆಗೆ ಕೈಯಿಟ್ಟಳು. "ನನ್ನ ಅಡಿಗೆಮನೆಯ ಹೆಂಚು ದೇವರಿಗೆ ದಾನ ಕೊಡ್ಲಿಕ್ಕೆ ನೀವು ಯಾರು?"

ಆಗ ಅವನು ರಾಯರು ಹೇಳಿದ್ದನ್ನು ಹೇಳಿದ. ಅಪೊಲೋನಿಯಾ ಹಿತ್ತಲಿನ ಹಲಸಿನ ಕಡೆ ಒಮ್ಮೆ ನೋಡಿದಳು. ಬುಟ್ಟಿಗಳನ್ನು ಕಂಬಕ್ಕೆ ಓಡಿಸಿದವಳು ತಾನೇ ಎಂದು ಅವಳಿಗೆ ಗೊತ್ತಿತ್ತು. ಆದರೂ ಗರಿಯನ್ನು ಮೂರನೆಯ ಸಲ ಹಚ್ಚಿದಳು.

"ಕೆಲಸ ಹೋದ್ರೆ ಗಂಜಿ ಕುಡಿಯುವ. ಊರೇ ಹೋದ್ರೆ ಎಲ್ಲಿ ಕುಡಿಯುದು? ನೀವು ನಿಮ್ಮದು ಬೇಡಿ, ನಾನು ನನ್ನದು ಬೇಡ್ತೇನೆ. ತಾಯಿ ಯಾರದ್ದು ಕೇಳ್ತಾಳೆ ನೋಡುವ. ಆದ್ರೆ ಊದಿದ್ರೆ ಜಾಗ್ರತೆ."

ಹಾಗೆ ಒಂದೇ ಮೇಣದ ಬತ್ತಿಯ ಬೆಳಕಿನಲ್ಲಿ ಒಬ್ಬ ಗಾಳಿ ಬರಲಿ ಎಂದೂ ಒಬ್ಬಳು ಬಾರದಿರಲಿ ಎಂದೂ ಜಪಮಾಲೆ ಹೇಳಿದರು. ಪಟದೊಳಗಿನ ತಾಯಿ ಇಬ್ಬರನ್ನೂ ನೋಡಿ ನೋಡಿ ಕತ್ತು ನೋಯಿಸಿಕೊಂಡಳು.

ಭಾನುವಾರ ಬೆಳಗಾಯಿತು. ಮಂಗಳೂರು ಸ್ಥಾಪನೆಯಾದಂದಿನಿಂದ ಅಷ್ಟು ಚಂದದ ಬೆಳಗು ಆದದ್ದಿಲ್ಲ. ಆಕಾಶ ಆಗತಾನೇ ನೀಲಿ ಹಾಕಿ ಒಗೆದ ಹಾಗೆ. ಎಲೆ ಅಲುಗಲಿಲ್ಲ. ಹೊಗೆ ನೇರ ಮೇಲೆ ಹೋಗಿ ಅಲ್ಲೇ ನಿಂತುಕೊಂಡಿತು. ಕಜೆಟನ್ ಇಗರ್ಜಿಯ ಪೂಜೆ ಮುಗಿಸಿ, ಕದ್ರಿ ಗುಡ್ಡ ಹತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು ಕಡಲಿನ ಮೇಲೆ ಒಂದೇ ಒಂದು ಮೋಡ ಹುಡುಕಿದ. ಮಧ್ಯಾಹ್ನದ ಹೊತ್ತಿಗೆ ಹೆಗಲಿನ ಬೈರಾಸಿನಷ್ಟು ಅಗಲದ್ದೊಂದು ಕಂಡಿತು. ಸಂತೋಷದಿಂದ ಕಣ್ಣು ತುಂಬಿ ಬಂತು. ನೋಡುತ್ತ ನೋಡುತ್ತ ಅದರಿಂದ ತುಪ್ಪದ ಪರಿಮಳ ಬಂತು. ಹೋಮದ ಹೊಗೆ.

ಸೋಮವಾರವೂ ಹಾಗೆಯೇ. ಕಡಲು ಬಟ್ಟಲಲ್ಲಿಟ್ಟ ಪಾಯಸದಂತೆ ಅಲುಗದೆ ಕೂತಿತ್ತು. ಸಂಜೆ ಗ್ರಹಗಳು ಬಂದ ದಾರಿಯಲ್ಲೇ ಒಂದೊಂದಾಗಿ ಹೊರಟವು. ಹೋಗುವಾಗ ಬಾಗಿಲು ಕೂಡ ಜೋರಾಗಿ ಎಳೆಯಲಿಲ್ಲ.

ಮಂಗಳವಾರ ಕಜೆಟನ್ ಟೊಪ್ಪಿಯನ್ನು ಒಗೆದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಹೊರಟ. ಕೊಡುವುದಾದರೆ ಶುದ್ಧವಾಗಿ ಕೊಡಬೇಕು ಎಂದು ಅಪೊಲೋನಿಯಾಳ ಮಾತು. ಕಂಬದ ಬುಡದಲ್ಲಿ ಸರ್ವೋತ್ತಮ ರಾಯರು ಹಣೆಯ ಕರಿಬೊಟ್ಟಿನ ಸಮೇತ ಕಾಯುತ್ತಿದ್ದರು. ಮೂರು ದಿನ ಸೀಗೆ, ಸೀಮೆಎಣ್ಣೆ, ಲಿಂಬೆ ಎಲ್ಲ ತಿಕ್ಕಿದರೂ ಅದು ಹೋಗಿರಲಿಲ್ಲ. ಹೊಸ ಆಳೊಬ್ಬ ಹಗ್ಗವನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದ.

"ಟೊಪ್ಪಿ?" ಎಂದು ರಾಯರು ಕೈ ಚಾಚಿದರು.

ಕಜೆಟನ್ ಕಾಗದ ಬಿಚ್ಚುವಷ್ಟರಲ್ಲಿ ಬ್ಯಾಂಡಿನ ಸದ್ದು ಕೇಳಿತು. ಬಂದರಿನ ಓಣಿಯಿಂದ ಒಂದು ಮೆರವಣಿಗೆ ಬರುತ್ತಿತ್ತು. ಮುಂದೆ ಜಯಕ್ಕ, ತಲೆಯ ಮೇಲೆ ತೊಟ್ಟಿಲಿನಷ್ಟು ದೊಡ್ಡ ಅಂಜಲ್ ಮೀನು. ಹಿಂದೆ ಹೋಮದ ಭಟ್ಟರು ಪ್ರಸಾದದ ಹರಿವಾಣದೊಂದಿಗೆ. ಅವರ ಹಿಂದೆ ಉಮರಬ್ಬ ಬ್ಯಾರಿಗಳು, ಈಜಿ ವಾಪಸು ಬಂದ ಖಲಾಸಿಗಳು. ಆಮೇಲೆ ಪಾದ್ರಿಗಳು, ಲಿಗೋರಿ ಮಾಸ್ಟ್ರು. ಎಲ್ಲರ ನಡುವೆ ಸಂಘದ ಅಧ್ಯಕ್ಷ ಝಕರಿಯಾ ಹಾಜಿಗಳು, ಕೈಯಲ್ಲಿ ಮಲ್ಲಿಗೆಯ ಹಾರ.

ರಾಯರಿಗೆ ತಲೆಬುಡ ಅರ್ಥವಾಗಲಿಲ್ಲ. "ಬಿರುಗಾಳಿ ಎಲ್ಲಿ ಬಂತು? ಎಂತಕ್ಕೆ ಈ ಬ್ಯಾಂಡು?"

"ಬರ್ಲಿಲ್ಲ ಅಂತಲೇ ಬ್ಯಾಂಡು!" ಎಂದರು ಭಟ್ಟರು. "ಬುಟ್ಟಿ ಏರಿದ್ದು ನೋಡಿ ನಾವು ಹೋಮ ದುಪ್ಪಟ್ಟು ಮಾಡಿದೆವು. ಬಂದ ಗಾಳಿ ಹಾಗೇ ಹಿಂದಕ್ಕೆ ಹೋಯ್ತು."

"ಹೋಮ ಇರಲಿ ಭಟ್ರೇ" ಎಂದರು ಉಮರಬ್ಬ. "ಬುಟ್ಟಿ ನೋಡಿದ್ದೇ ನಾನು ಬಂದರಿನ ಬಡವರಿಗೆಲ್ಲ ಊಟ ಹಾಕಿದೆ. ನನ್ನ ಹೆಂಡತಿ ಹವ್ವಮ್ಮ ಮನೆಯ ಅಕ್ಕಿ ಪೂರಾ ಖಾಲಿ ಮಾಡಿದಳು. ಅದು ಅಲ್ಲಾಹನಿಗೆ ಮುಟ್ಟಿತು."

"ಆ ಸಂಜೆಯಿಂದ ಯಾವ ಮದುವೆಮನೆಯಲ್ಲೂ ಯಾರೂ ಕುಣೀಲಿಲ್ಲ" ಎಂದರು ಪಾದ್ರಿಗಳು, ಮುಂದಿನದು ತಾನಾಗಿಯೇ ತಿಳಿಯಬೇಕು ಎನ್ನುವಂತೆ.

"ಇದು ಶುದ್ಧ ವಿಜ್ಞಾನ" ಎಂದರು ಲಿಗೋರಿ ಮಾಸ್ಟ್ರು. "ಊರಿನ ಹೋಮ, ಒಲೆ, ಮೇಣದ ಬತ್ತಿ ಎಲ್ಲ ಸೇರಿ ಇಲ್ಲಿಯ ಗಾಳಿ ಬಿಸಿ ಆಯ್ತು. ವಾಯುಭಾರ ಬದಲಾಯ್ತು. ಬಿರುಗಾಳಿ 'ಇಲ್ಲಿ ಜಾಗ ಇಲ್ಲ' ಅಂತ ಅರಬಸ್ಥಾನದ ಕಡೆ ತಿರುಗಿತು. ನಾನು ಲೆಕ್ಕ ಹಾಕಿದ್ದೇನೆ."

"ನಾನು ಪೊರ್ಬುಗಳಿಗೆ ಅಂಜಲ್ ಹರಕೆ ಹೇಳಿದ್ದು ಯಾರೂ ಹೇಳುದಿಲ್ಲ" ಎಂದು ಜಯಕ್ಕ ಮೀನನ್ನು ಕಜೆಟನನ ಕಾಲ ಬಳಿ ಧೊಪ್ಪನೆ ಇಳಿಸಿದಳು.

ಕಜೆಟನನಿಗೆ ಸಹಿಸಲಾಗಲಿಲ್ಲ. "ಇಲ್ಲ ಮಾರಾಯ್ರೇ! ಗಾಳಿ ಇರಲೇ ಇಲ್ಲ. ನಾನು ಡಾಂಬರು ಒಣಗ್ಲಿಕ್ಕೆ ಹಾಕಿದ್ದು. ಡಾಂಬರು! ರಾಯರ ಹಣೆ ನೋಡಿ ಬೇಕಾದ್ರೆ!"

ಎಲ್ಲರೂ ರಾಯರ ಹಣೆ ನೋಡಿದರು. ಭಟ್ಟರು ಕೈ ಮುಗಿದರು.

"ಕೇಳಿದಿರಾ ಮಾತು?" ಉಮರಬ್ಬ ತಲೆದೂಗಿದರು. "ಊರು ಉಳಿಸಿದವನು 'ನಾನಲ್ಲ, ಡಾಂಬರು' ಅಂತಾನೆ. ಇಷ್ಟು ತಗ್ಗಿ ಬಗ್ಗಿ ಇರುವವರು ನಮ್ಮಲ್ಲೂ ಕಡಿಮೆ."

ಝಕರಿಯಾ ಹಾಜಿಗಳು ಮುಂದೆ ಬಂದರು. "ಸರ್ವೋತ್ತಮ ರಾಯರೇ, ತಂತಿ ಬಾರದೆ ಬುಟ್ಟಿ ಏರಿಸುವ ಧೈರ್ಯ ಸಣ್ಣದಲ್ಲ. ಮೂರು ದಿನ ಇಳಿಸದೆ ಕಾದ ನಿಮ್ಮದು ಅದಕ್ಕಿಂತ ದೊಡ್ಡದು. ನೀವೇ ಹೇಳಿ ಇಡಿಸಿದ್ದಂತೆ, ಹೌದಾ?"

ರಾಯರು ಬಾಯಿ ತೆರೆದರು. ಗಾಳಿ ಇರಲೇ ಇಲ್ಲ ಎಂದರೆ, ಹಲ್ಲಿಯ ಮೊಟ್ಟೆ ನಂಬಿ ಬಂದರನ್ನು ಮೂರು ದಿನ ಮುಚ್ಚಿಸಿದವರು ತಾವು. ಮನೆಯ ಹೋಮ ದಂಡ. ಹಣೆಯಲ್ಲಿರುವುದು ಬರೀ ಡಾಂಬರು. ಗಾಳಿ ಇತ್ತು ಎಂದರೆ, ಹಾರದಲ್ಲಿ ತಮಗೂ ಪಾಲು. ಅವರ ಬಾಯಿ ಮುಚ್ಚಿತು. ಮತ್ತೆ ತೆರೆದಾಗ ಮಾತು ಬೇರೆಯಾಗಿತ್ತು.

"ಹೌದು ಹಾಜಿಗಳೇ. ಕಜೆಟನನ ಮೇಲೆ ನನಗೆ ಯಾವಾಗಲೂ ಭರವಸೆ ಉಂಟು. ಆ ಟೊಪ್ಪಿ ಹಾಕಿಕೋ ಮಾರಾಯ, ಕೈಯಲ್ಲಿ ಎಂತಕ್ಕೆ ಹಿಡ್ಕೊಂಡಿದ್ದಿ?"

ಹಾರ ಕಜೆಟನನ ಕೊರಳಿಗೆ ಬಿತ್ತು. ಮಲ್ಲಿಗೆಯ ಭಾರಕ್ಕೆ ಅವನು ಮುಂದಕ್ಕೆ ಬಾಗಿದ್ದನ್ನು ಜನ ವಿನಯ ಎಂದುಕೊಂಡರು. ಹೊಸ ಆಳಿಗೆ ಬ್ಯಾಂಡಿನವರ ಡೋಲು ಹೊರುವ ಕೆಲಸ ಸಿಕ್ಕಿತು. ಜನರೆಲ್ಲ ಚದುರಿದ ಮೇಲೆ ರಾಯರು ಹತ್ತಿರ ಬಂದು, "ಇನ್ನು ಮುಂದೆ ಡಾಂಬರು ಹಚ್ಚಿದ್ದನ್ನು ನನ್ನ ಕಚೇರಿಯೊಳಗೆ, ಬಾಗಿಲು ಹಾಕಿ ಒಣಗಿಸು. ನಾನು ಹೊರಗೆ ಕೂತುಕೊಳ್ತೇನೆ" ಎಂದರು. ಹಾಗೆಯೇ ನಡೆಯಿತು. ಪ್ರತಿ ಫೆಬ್ರವರಿಯಲ್ಲಿ ರಾಯರು ಜಗಲಿಯಲ್ಲಿ ಮೂಗು ಮುಚ್ಚಿಕೊಂಡು ಕಾಗದಗಳಿಗೆ ರುಜು ಹಾಕುತ್ತಿದ್ದರು.

ಅಂದು ಮಧ್ಯಾಹ್ನ ಅಂಜಲ್ ಮೀನಿನ ಸಾರು ಬಡಿಸುತ್ತ ಅಪೊಲೋನಿಯಾ ಕೇಳಿದಳು. "ಎಲ್ಲರೂ ಒಂದೊಂದು ಹೇಳಿದ್ರಲ್ಲ, ನೀವೆಂತ ಹೇಳ್ತೀರಿ? ಗಾಳಿ ಯಾಕೆ ಬರ್ಲಿಲ್ಲ?"

ಕಜೆಟನ್ ಬಿಡಿಸಿದ ಮುಳ್ಳನ್ನು ಬಟ್ಟಲಿನ ಅಂಚಿಗಿಟ್ಟ. ಜೀವಮಾನದಲ್ಲಿ ಅವನು ಕೊಟ್ಟ ಅಭಿಪ್ರಾಯ ಅದೊಂದೇ.

"ನಾನು ಬರ್ಲಿ ಅಂದೆ. ನೀನು ಬೇಡ ಅಂದಿ. ಈ ಮನೆಯಲ್ಲಿ ಯಾರ ಮಾತು ನಡೀತದೆ ಅಂತ ತಾಯಿಗೂ ಗೊತ್ತುಂಟು."

ಅಪೊಲೋನಿಯಾ ನಕ್ಕು, ಮೀನಿನ ತಲೆಯ ತುಂಡನ್ನು ಅವನ ಬಟ್ಟಲಿಗೆ ಹಾಕಿದಳು. ಆ ಮನೆಯಲ್ಲಿ ತಲೆಯ ತುಂಡು ಅದುವರೆಗೆ ಯಾವಾಗಲೂ ಅವಳದ್ದೇ ಆಗಿತ್ತು.

ಅರುವತ್ತರ ದಶಕ ಮುಗಿಯುವ ಮುಂಚೆ ಕಜೆಟನ್ ಕೆಲಸದಿಂದ ಬಿಡುಗಡೆಯಾಗಿ ಮನೆಯಲ್ಲಿ ಕೂತ. ಒಂದು ಮಳೆಗಾಲ ಕಳೆದ ಮೇಲೆ, ಸುಡುಬಿಸಿಲಿನ ದಿನ, ಬೂಸ್ಟು ಹಿಡಿದ ತನ್ನ ಕರಿ ಕೊಡೆಯನ್ನು ತೊಳೆದು ಬಿಡಿಸಿ, ಒಣಗಲಿ ಎಂದು ಹಿತ್ತಲಿನ ಹಲಸಿನ ಎತ್ತರದ ಕೊಂಬೆಗೆ ಹಗ್ಗ ಹಾಕಿ ಏರಿಸಿದ. ಅಭ್ಯಾಸಬಲದಿಂದ ಕೆಳಗೆ ನಿಂತು ಒಂದು ಸಲಾಮು ಹೊಡೆದ. ತಿರುಗಿ ನೋಡಿದರೆ ನೆರೆಮನೆಯ ಬರ್ನಡೆಟ್ ಅಂಗಳದ ಕೊಬ್ಬರಿಯನ್ನು ಸರಸರನೆ ಬುಟ್ಟಿಗೆ ತುಂಬಿಸುತ್ತಿದ್ದಳು. ಅದರಾಚೆಯ ಮನೆಯವರು ಕೋಳಿಗಳನ್ನು ಗೂಡಿಗೆ ಅಟ್ಟುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಇಗರ್ಜಿಯ ಗಂಟೆಯೂ ಬಾರಿಸಿತು.